ಎಲ್ಲಾ ಬೋಟೂ ಒಂದೇ ಅಲ್ಲ

ಬೆಳಿಗ್ಗೆ ಹಾಸನದಲ್ಲಿ ಒಂದು ಟ್ರಾವೆಲ್ಸ್ ಆಫೀಸಿಗೆ ಹೋಗಿದ್ದೆ. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಡಿಸೆಂಬರಿಗೆ ಅಂಡಮಾನ್ ಪ್ಯಾಕೇಜ್ ಮಾತಾಡುತ್ತಿದ್ದರು. ‘ಗಾಜಿನ ತಳದ ಬೋಟ್ ಅಂತೀರಲ್ಲ, ಯಾವುದು ಚೆನ್ನಾಗಿದೆ?’ ಅಂತ ಆ ಅಮ್ಮ ಕೇಳಿದರು. ಟ್ರಾವೆಲ್ಸಿನವನು ಮೊಬೈಲಿಂದ ತಲೆಯನ್ನೂ ಎತ್ತದೆ ‘ಎಲ್ಲಾ ಬೋಟೂ ಒಂದೇ ಆಂಟಿ’ ಅಂದ. ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ.

ಒಂದೇ ಅಲ್ಲ ರೀ! ನಮ್ಮಮ್ಮನಿಗೆ ಮಂಡಿನೋವು. ಈಜೂ ಬರಲ್ಲ. ಅಂಥವರಿಗೆ ಸಮುದ್ರದ ಒಳಗನ್ನು ನೋಡೋಕೆ ಸುಲಭದ ದಾರಿ ಅಂದರೆ ಬೋಟಿನ ತಳದ ಆ ಗಾಜು. ಅಮ್ಮನನ್ನು ಅಂಡಮಾನಿಗೆ ಕರೆದುಕೊಂಡು ಹೋದಾಗ ಮೊದಲ ದಿನ ಏಜೆಂಟ್ ಹೇಳಿದ ಬೋಟಿಗೇ ಹತ್ತಿಸಿದೆ. ಸಂಜೆ ನಾಲ್ಕು ಗಂಟೆ. ಅಲ್ಲಿ ಕತ್ತಲಾಗೋದು ನಮ್ಮೂರಿಗಿಂತ ಎಷ್ಟೋ ಬೇಗ. ಗಾಜಿನ ತುಂಬ ಗೀರು, ಅಂಚಿಗೆ ಪಾಚಿ. ಹಸಿರು ನೀರು ಬಿಟ್ಟು ಏನೂ ಕಾಣಲಿಲ್ಲ. ಅಮ್ಮ ನನ್ನ ಮುಖ ನೋಡಿ ‘ಚೆನ್ನಾಗಿತ್ತು ಬಿಡು ಮಗಾ’ ಅಂದಳು. ಅದೇ ಜಾಸ್ತಿ ನೋವಾಗಿದ್ದು.

ಎರಡು ದಿನ ಬಿಟ್ಟು ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೋದೆವು. ಬೆಳಿಗ್ಗೆ ಹತ್ತೂವರೆ, ಬಿಸಿಲು ಚೆನ್ನಾಗಿತ್ತು, ಅಲೆ ಇರಲಿಲ್ಲ. ಬೋಟಿನವರು ನಾವು ಹತ್ತುವ ಮುಂಚೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದರು. ಅಮ್ಮ ಕೈ ಅಡ್ಡ ಹಿಡಿದು ಬಗ್ಗಿದಳು. ಕೆಳಗೆ ದೊಡ್ಡ ಕಪ್ಪೆಚಿಪ್ಪು, ನೀಲಿ ತುಟಿ. ಬೋಟಿನ ನೆರಳು ಬಿದ್ದಿದ್ದೇ ತಡ, ತುಟಿ ಒಳಗೆಳೆದುಕೊಂಡಿತು. ‘ಅಯ್ಯೋ, ಬಾಯಿ ಮುಚ್ಕೊಂತು ನೋಡೋ!’ ಅಂತ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಇನ್ನೊಂದು ಮಾತು. ಮೊದಲ ದಿನದ ಬೋಟಿನವನು ಲಂಗರನ್ನು ನೇರವಾಗಿ ಹವಳದ ಮೇಲೇ ಎಸೆದಿದ್ದ. ಹವಳ ಅಂದರೆ ಕಲ್ಲಲ್ಲ, ಜೀವ. ಗುಂಡು ಹವಳ ವರ್ಷಕ್ಕೆ ಬೆಳೆಯೋದು ಒಂದು ಸೆಂಟಿಮೀಟರ್ ಆಸುಪಾಸು. ನಮ್ಮ ಕಾಫಿ ಗಿಡ ನಾಲ್ಕು ವರ್ಷಕ್ಕೆ ಫಸಲು ಕೊಡುತ್ತೆ, ಅದನ್ನೇ ಯಾರಾದರೂ ತುಳಿದರೆ ಸುಮ್ನೆ ಇರ್ತೀವಾ? 2010ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳ ಎಷ್ಟೋ ಕಡೆ ಬೆಳ್ಳಗಾಗಿ, ಒಂದಷ್ಟು ಸತ್ತೇ ಹೋಗಿತ್ತು. ಉಳಿದದ್ದರ ಮೇಲೆ ಕಬ್ಬಿಣ ಎಸೆಯೋದಾ?

ಅರ್ಧ ಗಂಟೆಯ ಬೋಟಿಗೆ ಇಷ್ಟೆಲ್ಲ ಯಾಕೆ, ಕಡಿಮೆ ರೇಟಿನದ್ದು ಹತ್ತಿದರಾಯ್ತು ಅಂತ ಭಾವ ಹೇಳ್ತಾರೆ. ಆ ಅರ್ಧ ಗಂಟೆಗೇ ಅಲ್ವಾ ಅಮ್ಮ ಅಷ್ಟು ದೂರ ಬಂದಿದ್ದು?

ನಿಜ ಹೇಳಬೇಕು. ಆಫೀಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಆ ಅಮ್ಮ ಅಡ್ವಾನ್ಸ್ ಕೊಟ್ಟು ಹೋಗೋದನ್ನು ನೋಡುತ್ತಾ ಕೂತಿದ್ದೆ. ಹಾಸನದ ಕಡೆಯಿಂದ ಡಿಸೆಂಬರಿಗೆ ಅಂಡಮಾನಿಗೆ ಹೊರಟಿರುವ ಹಿರಿಯರು ನಿಮಗೆ ಗೊತ್ತಿದ್ದರೆ ದಯವಿಟ್ಟು ಇದನ್ನು ಓದಿ ಹೇಳಿ. ಬೆಳಗಿನ ಬೋಟೇ ಕೇಳಲಿ. ದುಡ್ಡು ಕೊಡುವ ಮುಂಚೆ ಗಾಜು ನೋಡಲಿ. ಲಂಗರು ಎಲ್ಲಿ ಹಾಕ್ತೀರಿ ಅಂತ ಕೇಳಲಿ.