ಒಂದೇ ಬಣ್ಣ, ಎರಡು ಬಿಲ್ಲು

ಕಾರು ಇವತ್ತು ರಿಪೇರಿಯಾಗಿ ಮನೆಗೆ ಬಂತು. ಖುಷಿ ಪಡೋದು ಬಿಟ್ಟು ಮಧ್ಯಾಹ್ನದಿಂದ ಬಿಲ್ಲು ಹಿಡಿದು ಕೂತಿದ್ದೇನೆ. ಗಣಿತದ ಮಾಸ್ತರನಿಗೆ ಲೆಕ್ಕ ಕೂಡದಿದ್ದರೆ ಊಟ ಇಳಿಯಲ್ಲ.

ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಈ ಕೆಲಸ ಕೊಟ್ಟಿದ್ದು. ಅದರ ಟ್ರೇಲರ್ ವಾಲಿ ನನ್ನ ಕಾರಿನ ಎಡಗಡೆಯ ಎರಡೂ ಬಾಗಿಲು ಕೆರೆದುಕೊಂಡು ಹೋಯಿತು. (ಹಾರ್ನ್ ಹೊಡೆದಿದ್ದೆ ಮಾರಾಯ್ರೇ. ಅವನ ಡಿಜೆ ಹಾಡಿನ ಮುಂದೆ ನನ್ನ ಹಾರ್ನ್ ಯಾವ ಲೆಕ್ಕ!)

ನವನಗರದ ವರ್ಕ್‌ಶಾಪಿನವರು ಪೇಂಟಿಂಗಿಗೆ 14,000 ರೂಪಾಯಿ ಬಿಲ್ ಮಾಡಿದರು. ಬಣ್ಣ, ಪ್ರೈಮರ್, ಥಿನ್ನರ್ ಎಲ್ಲ ಸೇರಿ ಸಾಮಾನು 9,000, ಕೂಲಿ 5,000. ವಿಮೆಯವರು ಸಾಮಾನಿನಲ್ಲಿ ಅರ್ಧ, ಅಂದರೆ 4,500 ಕಡಿದರು. ಸವಕಳಿಯಂತೆ, ಅಂದರೆ ಬಳಸಿದ ವಸ್ತುವಿನ ಬೆಲೆ ಇಳಿಯೋದು. ಮೇಲೆ ಕ್ಲೇಮಿನಲ್ಲಿ ಕಡ್ಡಾಯವಾಗಿ ಹಿಡಿಯೋ 1,000 ಕಡಿತ ಬೇರೆ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು ಬಣ್ಣದ್ದು. ಹೊಸ ಕಾರಿನ ತಗಡಿಗೆ ಮೊದಲ ಆರು ತಿಂಗಳು ಸವಕಳಿಯೇ ಇಲ್ಲ. ಬಣ್ಣಕ್ಕೆ ಮಾತ್ರ ಶೋರೂಮಿನಿಂದ ಹೊರಬಿದ್ದ ದಿನವೇ ಅರ್ಧ ಆಯಸ್ಸು ಮುಗಿದಿರುತ್ತೆ! ಹೋಗಲಿ, ಅದನ್ನೂ ನುಂಗಿಕೊಳ್ತಿದ್ದೆ.

ಆದರೆ ಚಹಾದಂಗಡಿಯಲ್ಲಿ ಗೆಳೆಯ ತನ್ನ ಬಿಲ್ಲು ತೋರಿಸಿದ. ಅವನದು ಸಣ್ಣ ಗ್ಯಾರೇಜ್. ಸಾಮಾನು, ಕೂಲಿ ಅಂತ ಬಿಡಿಸಿಲ್ಲ, 'ಪೇಂಟಿಂಗ್ 16,000' ಅಂತ ಒಂದೇ ಸಾಲು. ಹೀಗೆ ಒಟ್ಟಾಗಿ ಬರೆದರೆ ಕಾಲು ಭಾಗ ಮಾತ್ರ ಸಾಮಾನು ಅಂತ ಹಿಡಿಯೋದು ನಿಯಮ. ಅಂದರೆ 4,000. ಅದರಲ್ಲಿ ಅರ್ಧ 2,000. ನನಗಿಂತ ದೊಡ್ಡ ಬಿಲ್ಲು, ನನಗಿಂತ ಸಣ್ಣ ಕಡಿತ! ನನ್ನದೂ ಒಂದೇ ಸಾಲಿನಲ್ಲಿದ್ದಿದ್ದರೆ 1,750 ಹೋಗ್ತಿತ್ತು. ಬಾಗಿಲು ಅದೇ, ಬಣ್ಣ ಅದೇ. ಬಿಡಿಸಿ ಬರೆದದ್ದಕ್ಕೆ 2,750 ರೂಪಾಯಿ ದಂಡ.

"ಝೀರೋ ಡೆಪ್ ತಗೋಬೇಕಿತ್ತಪಾ," ಅಂದರು ನಮ್ಮ ಭಾವ. ಹೌದು, ವಿಮೆಯ ಜೊತೆ ಆ ಹೆಚ್ಚುವರಿ ರಕ್ಷಣೆ ತಗೊಂಡಿದ್ದರೆ ಸವಕಳಿ ಅಂತ ಒಂದು ಪೈಸೆಯೂ ಕಡೀತಿರಲಿಲ್ಲ. ಅದು ನನ್ನ ಪ್ರಶ್ನೆಗೆ ಉತ್ತರವೇ ಅಲ್ಲ. ಜಾಸ್ತಿ ದುಡ್ಡು ಕೊಟ್ಟು ತಪ್ಪಿಸಿಕೊಳ್ಳೋ ದಾರಿ ಇದೆ ಅಂತ ಈ ಲೆಕ್ಕ ಸರಿಯಾಗುತ್ತಾ?

ಸರಿ, ಒಪ್ಪಿಕೊಂಡುಬಿಡ್ತೀನಿ. ಝೀರೋ ಡೆಪ್ ಬೇಕಾ ಅಂತ ಏಜೆಂಟ್ ಕೇಳಿದ್ದ. "ಇಪ್ಪತ್ತು ವರ್ಷ ಆತು ಗಾಡಿ ಹೊಡ್ಯಾಕತ್ತು, ನನಗ್ಯಾಕ?" ಅಂತ ಮೀಸೆ ತಿರುವಿದ್ದು ನಾನೇ. ಇನ್ನೊಂದು, ಮೂರು ವರ್ಷ ಕ್ಲೇಮ್ ಮಾಡದೆ ಕೂಡಿಸಿದ್ದ 35% ನೋ ಕ್ಲೇಮ್ ಬೋನಸ್, ಅಂದರೆ ವಿಮೆ ಕಂತಿನ ರಿಯಾಯಿತಿ, ಕೂಡ ಈ ಸಲ ಸೊನ್ನೆಯಾಗುತ್ತೆ. ಕ್ಲೇಮ್ ಮಾಡೋ ಮುಂಚೆ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ವಿದ್ಯಾರ್ಥಿಗಳು ಯಾರಾದರೂ ಓದ್ತಿದ್ದರೆ ದಯವಿಟ್ಟು ನಗಬೇಡಿ.

ಸಂಜೆ ವರ್ಕ್‌ಶಾಪಿಗೆ ಫೋನ್ ಹಚ್ಚಿದೆ. ಒಟ್ಟಾಗಿ ಯಾಕೆ ಬರೆಯಲಿಲ್ಲ ಅಂತ ಕೇಳಿದೆ.

"ನಮ್ಮ ಸಿಸ್ಟಮ್‌ನ್ಯಾಗ ಹಂಗ ಬರ್ತೈತ್ರಿ ಸರ. ನೀವು ಮೊದಲ ಹೇಳಬೇಕಿತ್ರಿ."

ಏನಂತ ಹೇಳಬೇಕಿತ್ತು?