ಎಂತಕ್ಕೆ ಅಂದರೆ ರೂಡು

ತೀರಿಹೋದ ಅಜ್ಜನ ಹೆಸರಲ್ಲಿರುವ ತೋಟಕ್ಕೆ ಫೌತಿ ಖಾತೆ ಮಾಡಿಸಲು ದೊಡ್ಡಪ್ಪ ಅರ್ಜಿ ಹಾಕಿ ಎರಡು ಮಳೆಗಾಲ ಕಳೆದವು. ಮೊನ್ನೆ ಕಚೇರಿಗೆ ಹೋಗಿ (ಯಾವುದು ಅಂತ ಕೇಳಬೇಡಿ, ನನಗೂ ಅಲ್ಲಿ ಕೆಲಸವಿದೆ) "ಎಂತಕ್ಕೆ ಇಷ್ಟು ತಡ ಮಾರಾಯ್ರೆ?" ಅಂದರಂತೆ. ಕಿಟಕಿಯಾಚೆಯ ಹುಡುಗ ಮೊಬೈಲಿನಿಂದ ತಲೆಯೆತ್ತಿ, "ಸಾರ್, ರೂಡಾಗಿ ಮಾತಾಡ್ಬೇಡಿ" ಅಂದನಂತೆ.

ತೀರ್ಥಹಳ್ಳಿಯಿಂದ ಮನೆವರೆಗೂ ಬಸ್ಸಿನಲ್ಲಿ ದೊಡ್ಡಪ್ಪ ಆ ಪದವನ್ನೇ ಕವಳದ ಹಾಗೆ ಜಗಿಯುತ್ತಾ ಬಂದರು. ಜಗಲಿ ಹತ್ತಿದವರೇ, "ರೂಡು ಅಂದ್ರೆ ಎಂತದಾ?"

ಲ್ಯಾಟಿನ್ನಿನ 'ರೂಡಿಸ್'ನಿಂದ ಬಂದಿದ್ದು, ಹಸಿ, ಹದ ಮಾಡದ್ದು ಅಂತ ಅರ್ಥ, ಅಂದೆ.

"ಹಸಿ ಅಡಿಕೆ ಅನ್ನು."

ಹೌದು. ಅದೇ ಮೂಲದಿಂದ 'ಎರುಡೈಟ್' ಕೂಡ ಹುಟ್ಟಿದೆ. ಹಸಿತನ ಕಳೆದವನು, ಅಂದರೆ ವಿದ್ವಾಂಸ. ಸುಲಿದು, ಚೊಗರಲ್ಲಿ ಬೇಯಿಸಿ, ಒಣಗಿಸಿದ ಕೆಂಪಡಿಕೆ. ಕಿಟಕಿಯಾಚೆ ಕೂತಿರುವುದು ಈ ಜಾತಿ ಇರಬೇಕು.

ಇಂಗ್ಲಿಷಿನವರಿಗೆ ರೈತರ ಮೇಲೆ ಅದೇನು ಸಿಟ್ಟೋ. ಒರಟನಿಗೆ 'ಬೂರ್' ಅನ್ನುತ್ತಾರೆ, ಅದು ಡಚ್ಚರ ರೈತ. 'ಚರ್ಲ್' ಅಂದರೆ ಹಳೆಯ ಕಾಲದ ಒಕ್ಕಲಾಳು. ನಮ್ಮ ಸಿನಿಮಾದ ವಿಲನ್ನೂ ಮೂಲದಲ್ಲಿ ಜಮೀನುದಾರನ ಹೊಲದಲ್ಲಿ ದುಡಿಯುತ್ತಿದ್ದವನೇ. ನಾವೇನು ಕಮ್ಮಿ? ಊರಿನವನ ಮಾತು ಗ್ರಾಮ್ಯ, ಪೇಟೆಯವನು ನಾಗರಿಕ.

ಆದರೆ ಒರಟುತನ ಬೈಯಲು ನಮಗೆ ಪದಗಳ ಬರವಿತ್ತೇ? ಅಧಿಕಪ್ರಸಂಗ, ಉದ್ಧಟತನ, ದಿಮಾಕು, ಎಷ್ಟು ಬೇಕು! 2014ರ ನವೆಂಬರ್ 1ಕ್ಕೆ ಶಿಮೊಗ ಇಂಗ್ಲಿಷಿನಲ್ಲೂ ಶಿವಮೊಗ್ಗವಾಯಿತು, ಒರಟು ಮಾತ್ರ ಕನ್ನಡದಲ್ಲೇ ರೂಡಾಯಿತು. ಕಾರಣ ಸರಳ. ಅಧಿಕಪ್ರಸಂಗಿ ಅಂದರೆ ದೊಡ್ಡಪ್ಪ ತಿರುಗಿ ಎರಡು ಬಿಡುತ್ತಿದ್ದರು. ರೂಡ್ ಅಂದಾಗ ತಾನೇ ಏನೋ ತಪ್ಪು ಮಾಡಿದೆನೆಂದು ಛತ್ರಿ ಎತ್ತಿಕೊಂಡು ಹೊರಟರು.

ಈಗಿನ ಬಳಕೆಯಲ್ಲಿ ರೂಡಿಗೆ ದನಿ ಏರಿಸಬೇಕಾಗಿಯೂ ಇಲ್ಲ. ಊಟಕ್ಕೆಂದು ಎದ್ದವರು ಮೂರೂವರೆಗೆ ಬರುವುದು ರೂಡಲ್ಲ. ಎಷ್ಟೊತ್ತಿಗೆ ಬರ್ತಾರೆ ಅಂತ ಕೇಳುವುದು ರೂಡು. "ಸರ್ವರ್ ಇಲ್ಲ ಸಾರ್, ಸೋಮವಾರ ಬನ್ನಿ" ಅನ್ನುವುದು ಬಹುವಚನದಲ್ಲಿದೆ, ಆದ್ದರಿಂದ ಸಭ್ಯ. 2011ರ ಸಕಾಲ ಕಾಯ್ದೆಯಲ್ಲಿ ತಡವಾದ ಸೇವೆಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಪರಿಹಾರ ಅಂತ ಬರೆದಿದೆ. ಅದನ್ನು ಬಾಯಿಬಿಟ್ಟು ಹೇಳಿದಿರೋ, ಒಳಗಿನ ಸಾಹೇಬರೂ ಎದ್ದು ಬಂದು ನಿಮ್ಮ ಸಂಸ್ಕಾರದ ಬಗ್ಗೆ ವಿಚಾರಿಸುತ್ತಾರೆ.

ದೊಡ್ಡಪ್ಪ ಹಟ ಬಿಡುವವರಲ್ಲ. ಮುಂದಿನ ವಾರ ಇಸ್ತ್ರಿ ಅಂಗಿ ತೊಟ್ಟು, ಎರಡು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದನ್ನು ಕಿಟಕಿಗೆ ಒಪ್ಪಿಸಿದರು. "ತಮ್ಮ ಆಶ್ರಯದಲ್ಲಿ ನಮ್ಮ ಕಡತ ಸುಖವಾಗಿ ನಿದ್ದೆ ಮಾಡ್ತಾ ಉಂಟಂತೆ. ಎಬ್ಬಿಸೋದು ಬೇಡ. ಅದಾಗೇ ಎದ್ದರೆ ಒಂದು ಮಾತು ಹೇಳಿ ಕಳಿಸ್ತೀರಾ?"

ಹುಡುಗನ ಮುಖ ಅರಳಿತು. "ನೋಡಿ ಸಾರ್, ಹೀಗೆ ಮಾತಾಡಿದ್ರೆ ಎಷ್ಟು ಚೆಂದ! ಸೋಮವಾರ ಬನ್ನಿ."