ಆರರ ತನಕ ಹತ್ತಿ ಇಳಿಯುವ ಸಂಖ್ಯೆ

12345654321. ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮೊಬೈಲ್ ನಂಬರಿಗಿಂತ ಒಂದಂಕಿ ಜಾಸ್ತಿ. ಆದರೂ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಆರರ ತನಕ ಹತ್ತು, ಬಂದ ದಾರಿಯಲ್ಲೇ ಇಳಿ, ಅಷ್ಟೇ.

111111ನ್ನು 111111ರಿಂದಲೇ ಗುಣಿಸಿದರೆ ಇದು ಬರುತ್ತದೆ. ಕ್ಯಾಲ್ಕುಲೇಟರ್ ಬೇಡ, ಚೌಕದ ಗೆರೆ ಇರುವ ಒಂದು ಹಾಳೆ ಸಾಕು. ಆರು ಒಂದುಗಳನ್ನು ಆರು ಸಾಲು ಬರೆಯಿರಿ, ಪ್ರತಿ ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸುತ್ತಾ. ಬಲತುದಿಯಲ್ಲಿ ಒಂಟಿ ಒಂದು. ಅದರ ಪಕ್ಕ ಎರಡು, ಆಮೇಲೆ ಮೂರು. ನಟ್ಟನಡುವಿನ ಕಂಬಸಾಲಿನಲ್ಲಿ ಮಾತ್ರ ಆರೂ ಸಾಲುಗಳ ಒಂದುಗಳು ತುಂಬುತ್ತವೆ. ಅಲ್ಲಿಂದ ಮುಂದೆ ಒಂದೊಂದೇ ಕಡಿಮೆ. ಕೂಡುವಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದೇ ಇದರ ಗುಟ್ಟು. ಒಂಬತ್ತು ಒಂದುಗಳ ತನಕ ಈ ಆಟ ನಡೆಯುತ್ತದೆ. ಹತ್ತಾದರೆ ಕೆಟ್ಟಿತು: 1234567900987654321. ಹತ್ತುವ ದಾರಿಯಲ್ಲಿ ಎಂಟೇ ಕಾಣೆ!

ಈ ಸಂಖ್ಯೆಗೆ ನಮ್ಮ ನಾಡಿನ ನಂಟೂ ಇದೆ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ, ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಒಂದರಿಂದ ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ಹೇಳಿದ್ದಾನೆ. ಎರಡೂ ಕಡೆಯಿಂದ ಒಂದೇ ಥರ ಕಾಣುವ ಇಂಥ ಕೆಲವು ಗುಣಲಬ್ಧಗಳನ್ನು ಕಂಠಹಾರ ಎಂದೂ ಕರೆದಿದ್ದಾನೆ. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗೆ ಕೊಂಡಿ, ನಡುವೆ ಬರೀ ಸೊನ್ನೆಯ ಮಣಿ. ಲೆಕ್ಕದ ಪುಸ್ತಕದಲ್ಲಿ ಒಡವೆ ಮಾಡಿಟ್ಟವನ ಮೇಲೆ ನನಗೆ ಸುಮ್ನೆ ಪ್ರೀತಿ.

ಈಗಿನವರು ಇದಕ್ಕೆ ಹಚ್ಚುವ ಚೀಟಿಗಳು ಬೇರೆ. ಬೆಸ ಸಂಖ್ಯೆ, ವರ್ಗ ಸಂಖ್ಯೆ, ಪ್ಯಾಲಿಂಡ್ರೋಮ್ (ಯಾವ ಕಡೆಯಿಂದ ಓದಿದರೂ ಒಂದೇ). 111111 ಅಂದರೆ 3, 7, 11, 13, 37ರ ಗುಣಲಬ್ಧ. ಹಾಗಾಗಿ ಅದರ ವರ್ಗಕ್ಕೆ 243 ಭಾಜಕಗಳು. ತನ್ನನ್ನು ಬಿಟ್ಟು ಉಳಿದವನ್ನೆಲ್ಲ ಕೂಡಿದರೆ 13029870672, ಅಂದರೆ ತನಗಿಂತಲೂ ಜಾಸ್ತಿ. ಬೆಸ ಸಂಖ್ಯೆಗಳಲ್ಲಿ ಇಂಥ ಉದಾರಿಗಳು ಅಪರೂಪ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದೇ 945.

ಒಂದು ಚೀಟಿ ಮಾತ್ರ ಇದಕ್ಕೆ ಸಿಗಲಿಲ್ಲ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್, ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂದು ಹೆಸರಿಟ್ಟರು. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 36. ಬೆಸ ಸಂಖ್ಯೆ 36ರಿಂದ ಹೇಗೆ ಭಾಗವಾದೀತು? ಆದರೆ ಇದರ ದೊಡ್ಡಣ್ಣ, ಒಂಬತ್ತು ಒಂದುಗಳ ವರ್ಗ 12345678987654321 ಇದೆಯಲ್ಲ, ಅದರ ಮೊತ್ತ 81. ಅದು 81ರಿಂದ ಚೊಕ್ಕವಾಗಿ ಭಾಗವಾಗುತ್ತದೆ.